ಮ್ಯಾನೇಜರರ ಕೈ ನೋಡಿದ ದಿನ

ಯುದ್ಧದಿಂದಾಗಿ ಸೀಮೆಎಣ್ಣೆ ಸಿಗುವುದು ಕಷ್ಟವಾದ ಮೇಲೆ ಕಂಕನಾಡಿಯ ನಮ್ಮ ಓಣಿಯಲ್ಲಿ ಮತ್ತೆ ಹೊನ್ನೆ ಎಣ್ಣೆಯ ದೀಪಗಳು ಕಾಣಿಸಿಕೊಂಡಿವೆ. ಮೊನ್ನೆ ಸಂಜೆ ಪಕ್ಕದ ಮನೆಯಾಕೆ ಅಟ್ಟದಿಂದ ಹಳೆಯ ಕಂಚಿನ ದೀಪವನ್ನು ಇಳಿಸಿ, ಹುಣಸೆಹುಳಿ ಹಾಕಿ ತಿಕ್ಕಿ, ಎಣ್ಣೆ ಹೊಯ್ದು ಹಚ್ಚಿದಳು. ಆ ಎಣ್ಣೆಗೆ ಒಂದು ಬಗೆಯ ಕಹಿ ವಾಸನೆ. ಹೊಗೆ ಬೇಲಿ ದಾಟಿ ನಮ್ಮ ಜಗಲಿಗೆ ಬಂತು. ಶಾಲೆಯ ಹುಡುಗಿಯರ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದ ನಾನು ಪೆನ್ನು ಕೆಳಗಿಟ್ಟೆ. ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮನೂ ಕೈ ನಿಲ್ಲಿಸಿದ್ದು ಕೇಳಿಸಿತು. ನಮ್ಮಿಬ್ಬರಿಗೆ ಅದು ದೀಪದ ವಾಸನೆಯಾಗಿರಲಿಲ್ಲ, ಬೆತ್ತದ ವಾಸನೆಯಾಗಿತ್ತು.

ಬೋಳಾರದಲ್ಲಿ, ಹೊಳೆಯ ದಡಕ್ಕೆ, ನನ್ನ ಸೋದರಮಾವನ ಹಂಚಿನ ಕಾರ್ಖಾನೆ ಇತ್ತು. ನಮ್ಮವರಲ್ಲಿ ಆಸ್ತಿ ಸೋದರಿಯ ಮಕ್ಕಳಿಗೆ ಹೋಗುತ್ತದೆ. ಆದ್ದರಿಂದ ಅಮ್ಮ ಮತ್ತು ನಾನು ಮಾವನ ಮನೆಯಲ್ಲೇ ಇದ್ದೆವು. ನನ್ನನ್ನು ಮದರಾಸಿಗೆ ಕಳುಹಿಸಿ ಬಿ.ಎ. ಓದಿಸಿದ್ದೂ ಮಾವನೇ. "ನಾಳೆ ಇದೆಲ್ಲ ನಿನ್ನದೇ ಮಗಾ. ಇಂಗ್ಲಿಷ್ ಕಾಗದ ಯಾರೋ ಓದಿ ಹೇಳಿದ್ದನ್ನು ನಂಬಿಕೊಂಡು ಕೂತರೆ ಆಗ್ಲಿಕ್ಕಿಲ್ಲ" ಎನ್ನುತ್ತಿದ್ದರು. ಮನೆಯ ಮಹಡಿಯ ಕಿಟಕಿ ತೆರೆದರೆ ಕಾರ್ಖಾನೆಯ ಅಂಗಳ. ಮಣ್ಣು ಅರೆಯುವ ಯಂತ್ರ, ಹಸಿ ಹಂಚು ಒಣಗುವ ಕೊಟ್ಟಿಗೆಗಳು, ಸುಟ್ಟ ಹಂಚಿನ ಅಟ್ಟಿಗಳು, ಆಚೆ ಭಟ್ಟಿಯ ಚಿಮಣಿ. ಆಫೀಸಿನಲ್ಲಿ ಮಾವನ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಒಂದು ಬೆತ್ತ ತೂಗುತ್ತಿತ್ತು. ಒಣಗಿ ಸೀಳಬಾರದೆಂದು ಅದಕ್ಕೆ ಶನಿವಾರ ಶನಿವಾರ ಹೊನ್ನೆ ಎಣ್ಣೆ ಹಚ್ಚುತ್ತಿದ್ದರು.

ಮಾವನ ಕಂಪೆನಿ ಆ ವರ್ಷಗಳಲ್ಲಿ ಬೆಳೆಯುತ್ತಿತ್ತು. ಒಂದು ಭಟ್ಟಿ ಇದ್ದದ್ದು ಎರಡಾಯಿತು. ಬಂದರಿನಲ್ಲಿ ಗೋದಾಮು ಆಯಿತು. ಕೊಲಂಬೋಗೆ ಹಂಚು ಹೋಗತೊಡಗಿತು. ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವುದು ಸಾಧ್ಯವಿಲ್ಲವೆಂದು ಗೊತ್ತಾದಾಗ ಮಾವ ದೊಡ್ಡ ಹುದ್ದೆಗಳಿಗೆ ಹೊರಗಿನಿಂದ ಜನ ತರಲು ಶುರುಮಾಡಿದರು. ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದರು. ಬಂದ ಅರ್ಜಿಗಳನ್ನು ರಜೆಯಲ್ಲಿ ಮನೆಗೆ ಬಂದಾಗ ನಾನು ಓದಿ, ತುಳುವಿನಲ್ಲಿ ಹೇಳುತ್ತಿದ್ದೆ. ಮಾವ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿ, ಕೊನೆಗೆ ಹೇಳುತ್ತಿದ್ದದ್ದು ಒಂದೇ. "ಕಾಗದದಲ್ಲಿ ಎಲ್ಲರೂ ಹುಲಿಯೇ. ಬರಲಿ, ಕೈ ನೋಡುವ."

ಕೈ ನೋಡುವುದು ಎಂದರೆ ಹೀಗೆ. ಅರ್ಜಿ ಹಾಕಿದವರನ್ನು ಮಾತುಕತೆ ಮುಗಿದ ಮೇಲೆ ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಕೊಟ್ಟಿಗೆಯ ಕಂಬಕ್ಕೆ ಮುಖಮಾಡಿ ಒಬ್ಬ ಆಳು ನಿಂತಿರುತ್ತಿದ್ದ. ಹೊಳೆಯಲ್ಲಿ ಮಣ್ಣು ತರುವ ದೋಣಿಯಲ್ಲಿ ಕೆಲಸ ಮಾಡುವವನು. "ಇವ ಹಂಚು ಕದ್ದಿದ್ದಾನೆ. ನೀವು ಇಲ್ಲಿಯ ಮ್ಯಾನೇಜರ್ ಆಗಿದ್ದರೆ ಎಂತ ಮಾಡ್ತೀರಿ?" ಎಂದು ಮಾವ ಕೇಳಿ, ಬೆತ್ತವನ್ನು ಅವರ ಕೈಗೆ ಕೊಡುತ್ತಿದ್ದರು. ಆ ಆಳು ಕದ್ದದ್ದು ನಿಜ. ಆದರೆ ಅದು ನಾನು ಇನ್ನೂ ಲಂಗ ತೊಡುತ್ತಿದ್ದ ಕಾಲದ ಮಾತು. ಪೊಲೀಸರಿಗೆ ಕೊಡದೆ ಮಾವ ಅವನನ್ನು ಇಟ್ಟುಕೊಂಡದ್ದು ಈ ಒಂದು ಉಪಯೋಗಕ್ಕೆ. ಪ್ರತಿಯೊಂದು ದೊಡ್ಡ ನೇಮಕಾತಿಗೂ ಆ ಹಳೆಯ ಕಳವು ಹೊಸದಾಗುತ್ತಿತ್ತು. ಪೆಟ್ಟು ತಿಂದ ದಿನ ಅವನಿಗೆ ಒಂದು ಕುಡ್ತೆ ಕಳ್ಳು, ಅರ್ಧ ದಿನ ರಜೆ. ಕಾರ್ಖಾನೆಯಲ್ಲಿ ಅವನನ್ನು ಬೆನ್ನಿನವ ಎಂದೇ ಕರೆಯುತ್ತಿದ್ದರು. ಅವನು ಕಂಬ ಹಿಡಿದು ನಿಲ್ಲುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ.

ಮಾವನ ತೀರ್ಪು ಎರಡೇ ಶಬ್ದದ್ದು. ಕೈ ಉಂಟು, ಕೈ ಇಲ್ಲ. ಮದರಾಸಿನಿಂದ ಬಂದ ಒಬ್ಬರು "ಇದು ಪೊಲೀಸರ ಕೆಲಸ" ಎಂದು ಬೆತ್ತವನ್ನು ಮುಟ್ಟಲೇ ಇಲ್ಲ. ಕೈ ಇಲ್ಲ ಎಂದು ಅವರಿಗೆ ಊಟ ಹಾಕಿಸಿ ಕಳುಹಿಸಿದರು. ಇನ್ನೊಬ್ಬ ಹೊಡೆಯತೊಡಗಿದವನು ನಿಲ್ಲಿಸಲೇ ಇಲ್ಲ, ಬೆನ್ನಿನವನ ಚರ್ಮ ಎದ್ದು ಬಂತು. ಅವನನ್ನೂ ಮಾವ ತೆಗೆದುಕೊಳ್ಳಲಿಲ್ಲ. "ಆ ಕೈ ಅವನ ಮಾತು ಕೇಳುವುದಿಲ್ಲ, ಮತ್ತೆ ನನ್ನ ಮಾತು ಕೇಳ್ತದಾ?" ಎಂದರು. ಇದರಲ್ಲೆಲ್ಲ ತಮ್ಮದೊಂದು ಜಾಣತನ ಇದೆ ಎಂದು ಅವರು ನಂಬಿದ್ದರು. ಬಂದರಿನ ವ್ಯಾಪಾರಿಗಳೂ ನಂಬಿದ್ದರು. ಅಮ್ಮ ಮಾತ್ರ ಆ ದಿನಗಳಲ್ಲಿ ಮಹಡಿಯ ಕಿಟಕಿ ಮುಚ್ಚುತ್ತಿದ್ದಳು. ನಾನು ತೆರೆಯುತ್ತಿದ್ದೆ...

ಮ್ಯಾನೇಜರರು ಬಂದದ್ದು ಮೈಸೂರು ಸೀಮೆಯಿಂದ, ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ. ಮುಚ್ಚಿದ ಕೋಟು, ತಲೆಗೆ ಪೇಟ, ಹಣೆಯಲ್ಲಿ ಬೆವರಿಗೆ ಕರಗಿದ ಗಂಧ. ಅವರು ಕೆಲಸ ಮಾಡುತ್ತಿದ್ದ ಇಟ್ಟಿಗೆಯ ಕಂಪೆನಿ ಹಣದ ಮುಗ್ಗಟ್ಟಿನಲ್ಲಿ ಮುಚ್ಚಿಹೋಗಿತ್ತು. ಹೆಂಡತಿಯನ್ನೂ ಮಗಳನ್ನೂ ಹೆಂಡತಿಯ ತವರಿನಲ್ಲಿ ಬಿಟ್ಟು ಊರೂರು ತಿರುಗಿ ಬಂದಿದ್ದರು. ಅದನ್ನು ಅವರು ಅರ್ಜಿಯಲ್ಲಿ ಬರೆದಿರಲಿಲ್ಲ. ಕೋಟಿನ ಮೊಣಕೈಯಲ್ಲಿ ಹಾಕಿದ್ದ ಹೊಲಿಗೆ ಹೇಳುತ್ತಿತ್ತು.

ನಾನು ಆಫೀಸಿನ ಅರೆಬಾಗಿಲ ಹಿಂದೆ ಕುಳಿತಿದ್ದೆ. ಮಣ್ಣು, ಬೆಂಕಿ, ಸೌದೆಯ ಬಗ್ಗೆ ಮಾವ ಕೇಳಿದ್ದಕ್ಕೆಲ್ಲ ಅವರು ಮೆಲ್ಲಗೆ, ಸರಿಯಾಗಿ ಉತ್ತರ ಕೊಟ್ಟರು. ಮಾವನಿಗೆ ಹಿಡಿಸಿತು.

"ಕಾಗದ ನೋಡಿ ಆಯಿತು, ಮಾತೂ ಆಯಿತು. ಇನ್ನು ನಿಮ್ಮ ಕೈ ನೋಡಬೇಕು" ಎಂದರು.

ಅವರು ಬಲಗೈಯನ್ನು ಕೋಟಿಗೆ ಒರೆಸಿಕೊಂಡು, ಅಂಗೈ ಮೇಲೆ ಮಾಡಿ, ಮೇಜಿನ ಮೇಲೆ ಚಾಚಿದರು. ಮಾವ ನಕ್ಕು ನಕ್ಕು ಕೆಮ್ಮಿದರು. "ಜ್ಯೋತಿಷ್ಯ ಅಲ್ಲ ಮಾರಾಯ್ರೆ! ಬನ್ನಿ, ಅಂಗಳಕ್ಕೆ ಬನ್ನಿ."

ನಾನು ಮಹಡಿ ಹತ್ತಿದೆ. ಕಿಟಕಿಯಿಂದ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಯಂತ್ರ ಓಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಬೆತ್ತವನ್ನು ಅವರು ಯಾರದೋ ಮಗುವನ್ನು ಎತ್ತಿಕೊಂಡವರ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತರು. ಮಾವ ದೂರದಲ್ಲಿ ಆಫೀಸಿನ ಮೆಟ್ಟಿಲ ಮೇಲಿದ್ದರು. ಮ್ಯಾನೇಜರರು ಬೆನ್ನಿನವನ ಹತ್ತಿರ ಹೋಗಿ, ಬಾಗಿ, ಕಿವಿಯಲ್ಲಿ ಏನೋ ಕೇಳಿದರು. ಅಂಥದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಬೆನ್ನಿನವನ ತುಟಿ ಅಲುಗಿತು. ಅವರು ತಲೆಯಾಡಿಸಿದರು. ಹಿಂದಕ್ಕೆ ಸರಿದು, ಕಣ್ಣು ಮುಚ್ಚಿ, ಇಡೀ ಮೈಯ ಬಲ ಹಾಕಿ ಒಂದೇ ಒಂದು ಪೆಟ್ಟು ಹೊಡೆದರು. ಅದೇ ಹೊತ್ತಿಗೆ ಬೆನ್ನಿನವ ಕಂಬ ಬಿಟ್ಟು ಅವರ ಕಡೆಗೆ ತಿರುಗಿದ. ಬೆತ್ತದ ತುದಿ ಅವನ ಎಡಗಣ್ಣಿಗೆ ಬಿತ್ತು.

ಆ ಕೂಗು ಯಂತ್ರದ ಸದ್ದನ್ನು ದಾಟಿ ನನ್ನವರೆಗೆ ಬಂತು. ಅವನು ಮಣ್ಣಿನ ರಾಶಿಯ ಮೇಲೆ ಬಿದ್ದು ಹೊರಳಾಡಿದ. ಬೆರಳುಗಳ ನಡುವಿನಿಂದ ರಕ್ತ ಮೊಣಕೈಗೆ ಇಳಿದು ಹಸಿ ಮಣ್ಣಿಗೆ ಸುರಿಯಿತು. ಹಂಚು ಹೊರುವ ಹೆಂಗಸರು ಅರಸಿನ ತರಲು ಓಡಿದರು. ಮ್ಯಾನೇಜರರು ಹಂಚಿನ ಅಟ್ಟಿಯ ಹಿಂದೆ ಹೋಗಿ ವಾಂತಿ ಮಾಡಿದರು. ಮಾವ ಮೆಟ್ಟಿಲಿಳಿದು ಬಂದು, ಬಿದ್ದಿದ್ದ ಬೆತ್ತವನ್ನು ಎತ್ತಿ ಪಂಚೆಯಲ್ಲಿ ಒರೆಸಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದ್ದು ಎರಡು ಶಬ್ದ.

"ಕೈ ಉಂಟು."

ಆಮೇಲೆ ಊಟದ ಹೊತ್ತಿಗೆ ನಕ್ಕರು. "ಹೊಡೆಯುವ ಮೊದಲು ಅವನ ಹತ್ತಿರ ಎಂತದೋ ಕೇಳಿದ ಮಾರಾಯ್ತಿ. ಅಪ್ಪಣೆ ತೆಗೆದುಕೊಂಡ ಹಾಗೆ!"

ಅಮ್ಮ ನಗಲಿಲ್ಲ. "ಅಣ್ಣ, ಅವನ ಕಣ್ಣು ಹೋಯಿತಂತೆ."

"ಇನ್ನೊಂದು ಉಂಟಲ್ಲ" ಎಂದರು ಮಾವ.

ಹೀಗೆ ಅವರು ಮ್ಯಾನೇಜರರಾದರು. ಆ ಮೇಲೆ ಅವರು ಬೆತ್ತವನ್ನು ಮುಟ್ಟಿದ್ದನ್ನು ಯಾರೂ ನೋಡಲಿಲ್ಲ. ಮುಟ್ಟುವ ಅಗತ್ಯವೂ ಬೀಳಲಿಲ್ಲ. ಅವರು ಅಂಗಳಕ್ಕೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಆಳುಗಳು ಅವರಿಗೆ ಕಣ್ಣು ತೆಗೆದ ದಣಿ ಎಂದು ಹೆಸರಿಟ್ಟಿದ್ದರು; ತುಳು ಬಾರದ ಅವರಿಗೆ ಅದು ಗೊತ್ತಿರಲಿಲ್ಲ. ಹಂಚು ಒಡೆಯುವುದು ಕಡಮೆಯಾಯಿತು, ಕಳವು ನಿಂತಿತು, ಹಂಚು ಸಾಗಿಸುವ ಹಾಯಿಯ ಮಂಜಿಗಳು ಹೊತ್ತಿಗೆ ಸರಿಯಾಗಿ ತುಂಬಿ ಬಂದರಿಗೆ ಹೊರಟವು. ತಮ್ಮ ಮೆಲುಮಾತಿನಿಂದ, ಶಿಸ್ತಿನಿಂದ ಕೆಲಸ ಸಾಗುತ್ತಿದೆ ಎಂದು ಅವರು ತಿಳಿದಿದ್ದರು. ಮಾವ ಬಂದರಿನಲ್ಲಿ ಹೇಳಿಕೊಳ್ಳುತ್ತಿದ್ದದ್ದು ಬೇರೆ. "ಒಂದೇ ಪೆಟ್ಟು ಹಾಕಿದ್ದು. ಬಡ್ಡಿ ಇನ್ನೂ ಬರ್ತಾ ಉಂಟು."

ಮ್ಯಾನೇಜರರ ಹೆಂಡತಿ, ಮಗಳು ಬಂದರು. ಕಂಪೆನಿಯದೇ ಒಂದು ಮನೆ ಕೊಟ್ಟರು. ನಾನು ಓದು ಮುಗಿಸಿ ಬಂದಾಗ ಅವರು ಸಂಜೆ ಹೊತ್ತು ಕಾಗದಗಳಿಗೆ ಮಾವನ ಸಹಿ ಹಾಕಿಸಿಕೊಳ್ಳಲು ಮನೆಗೆ ಬರುತ್ತಿದ್ದರು. ಮಾವ ಬರುವವರೆಗೆ ಜಗಲಿಯ ಬೆಂಚಿನಲ್ಲಿ, ತುದಿಯಲ್ಲಿ, ಕುಳಿತಿರುತ್ತಿದ್ದರು. ನನ್ನನ್ನು ಅಮ್ಮಣ್ಣಿ ಎಂದು ಕರೆಯುತ್ತಿದ್ದರು. ಮಂಗಳೂರಿನಲ್ಲಿ ಹಾಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಮೊದಲ ಸಲ ಕೇಳಿದಾಗ ಅಡುಗೆಯವಳು ಒಳಗೆ ನಕ್ಕದ್ದು ಅವರಿಗೂ ಕೇಳಿಸಿ, ಅವರೂ ನಕ್ಕಿದ್ದರು.

ಒಂದು ದಿನ ಅವರೇ ಕೇಳಿದರು. "ಅಮ್ಮಣ್ಣಿ, ನಂಗೆ ತುಳು ಹೇಳಿಕೊಡ್ತೀರಾ? ದಿನಕ್ಕೊಂದು ಮಾತು ಸಾಕು."

ಯಾಕೆಂದು ಕೇಳಿದೆ. ಅವರು ಕಾರ್ಖಾನೆಯ ಗೇಟಿನ ಕಡೆಗೆ ನೋಡಿದರು. ಬೆನ್ನಿನವನನ್ನು ಅವರು ದೋಣಿಯ ಕೆಲಸದಿಂದ ಬಿಡಿಸಿ ಗೇಟಿನ ಬಳಿ ಕಾವಲಿಗೆ ಕೂರಿಸಿದ್ದರು. ಹೋಗುವಾಗ ಬರುವಾಗ ಮಾತಾಡಿಸಲು ನೋಡುತ್ತಿದ್ದರು. ಅವರು ಹತ್ತಿರ ಬಂದರೆ ಸಾಕು, ಅವನು ಉಳಿದ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದ. ಅವರು ದಾಟಿ ಹೋದ ಮೇಲೂ ಸ್ವಲ್ಪ ಹೊತ್ತು ಕೈ ತೆಗೆಯುತ್ತಿರಲಿಲ್ಲ.

"ಕಣ್ಣಿಗೆ ಬಿದ್ದದ್ದು ಕೈ ತಪ್ಪಿ ಅಂತ ಅವನಿಗೂ ಗೊತ್ತು. ಆದರೂ ಯಾಕೆ ನನಗೆ ಅಷ್ಟು ಹೆದರ್ತಾನೋ ತಿಳೀದು" ಎಂದರು. "ಅವನ ಹತ್ತಿರ ಅವನ ಭಾಷೇಲಿ ಮಾತಾಡಬೇಕು."

ನಾನು ಕಲಿಸಿದೆ. ನೀರು, ಅನ್ನ, ಕುಳಿತುಕೊಳ್ಳಿ, ಉಂಡಿರಾ... ಕಾರ್ಖಾನೆಗೆ ಸೌದೆ ಒದಗಿಸುತ್ತಿದ್ದ ಬಂದರಿನ ಬ್ಯಾರಿ ಸಾಹೇಬರೊಬ್ಬರು ಗಾಡಿ ಹೊಡೆದುಕೊಂಡು ಬಂದಾಗಲೆಲ್ಲ ಅವರನ್ನು ಕೆಣಕುತ್ತಿದ್ದರು. "ಮ್ಯಾನೇಜರರೇ, ತುಳು ಬರಬೇಕಾದರೆ ಮೊದಲು ಬಂಗುಡೆ ಮೀನು ತಿನ್ನಬೇಕು. ಈ ಸಾರನ್ನ ಉಂಡು ಉಂಡು ನಿಮ್ಮ ನಾಲಿಗೆ ಮಡಿ ಉಟ್ಟುಕೊಂಡು ಕೂತಿದೆ!" ಮ್ಯಾನೇಜರರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಆ ಅಂಗಳದಲ್ಲಿ ಅವರ ಜೊತೆ ನಗುತ್ತಿದ್ದವರು ಆ ಸಾಹೇಬರೊಬ್ಬರೇ.

ಒಂದು ಸಂಜೆ ಮ್ಯಾನೇಜರರು ಮೊಣಕಾಲಿನವರೆಗೆ ನೆಂದ ಪಂಚೆಯಲ್ಲಿ ಬಂದರು. ಹೊಳೆ ದಾಟುವಾಗ ಆದ ತಮಾಷೆ ಎಂದು ಹೇಳತೊಡಗಿದರು. ಕಡವಿನ ದೋಣಿ ತುಂಬಿತ್ತು. ಇವರು ಹತ್ತಲು ಹೋದಾಗ ಅಂಬಿಗ "ಬಲ್ಲಿ, ಬಲ್ಲಿ" ಎಂದು ಕೂಗಿದ. ಹತ್ತಬಲ್ಲಿರಿ ಎನ್ನುತ್ತಿದ್ದಾನೆ ಎಂದುಕೊಂಡು ಇವರು ಕಾಲಿಟ್ಟರು. ದೋಣಿ ವಾಲಿತು. ಮೀನಿನ ಬುಟ್ಟಿಯ ಹೆಂಗಸರು ಬೈದರು, ಒಬ್ಬಳು ಇವರ ಎದೆಗೆ ಕೈಯಿಟ್ಟು ನೀರಿಗೇ ನೂಕಿದಳು.

"ಬಾ ಬಾ ಅಂತ ಕರೆದು ನೂಕೋದೇ ಅಮ್ಮಣ್ಣಿ? ನಾವು ಬಲ್ಲೆ ಅನ್ನೋದಕ್ಕೆ ನೀವು ಬಲ್ಲಿ ಅಂತೀರಿ, ಅಲ್ಲವೇ?"

ನಾನೂ ನಗುತ್ತಲೇ ಹೇಳಿದೆ. "ಅಲ್ಲ. ಬಲ್ಲಿ ಅಂದರೆ ಕೂಡದು. ಬೇಡ, ಮಾಡಬೇಡ ಅಂತ."

ಅವರ ಮುಖದ ಮೇಲಿನ ನಗು ಒಮ್ಮೆಗೇ ಹೋಗಲಿಲ್ಲ. ಬಾಯಿ ನಗುತ್ತಿದ್ದ ಹಾಗೇ ಇತ್ತು, ಕಣ್ಣು ಬೇರೆಲ್ಲೋ ಇತ್ತು. ಪಂಚೆಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಕೂಡದು" ಎಂದರು.

"ಹೌದು."

"ಆವತ್ತು ನಾನು ಅವನ ಕಿವೀಲಿ ಕೇಳಿದೆ. ಒಂದು ಪೆಟ್ಟು ತಡ್ಕೋಬಲ್ಲೆಯೇನಪ್ಪಾ ಅಂತ. ನನಗೆ ಕೆಲಸ ಬೇಕೇಬೇಕಿತ್ತು ಅಮ್ಮಣ್ಣಿ. ಅವನು ಬಲ್ಲೆ ಅಂದ ಅಂದುಕೊಂಡೆ. ಮೆತ್ತಗೆ ಹೊಡೆದರೆ ಇನ್ನೊಂದು ಹೊಡಿ ಅಂತಾರೇನೋ, ಒಂದರಲ್ಲೇ ಮುಗಿಸಿಬಿಡೋಣ ಅಂತ ಬಲವಾಗಿ..." ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. "ನಾನು ಕೇಳಿದೆ. ಅವನು ಬೇಡ ಅಂದ. ಆಮೇಲೆ ಹೊಡೆದೆ."

ಅಷ್ಟು ವರ್ಷ ಕಂಬ ಹಿಡಿದು ನಿಂತ ಆ ಮನುಷ್ಯನನ್ನು ಯಾರೂ ಏನೂ ಕೇಳಿರಲಿಲ್ಲ. ಇವರೊಬ್ಬರು ಕೇಳಿದ್ದರು. ಕೇಳಿದ್ದರಿಂದಲೇ ಅವನು ಬಾಯಿ ತೆರೆದ, ಇನ್ನೊಮ್ಮೆ ಹೇಳಲು ಮುಖ ತಿರುಗಿಸಿದ. ಅಂದು ಅವರು ಕಾಗದಗಳಿಗೆ ಸಹಿ ಹಾಕಿಸಿಕೊಳ್ಳದೆ ಹೊರಟುಹೋದರು.

ಆಮೇಲೆ ಅವರು ಗೋಡೆಯ ಬೆತ್ತವನ್ನು ತೆಗೆಸಲು ಮಾವನ ಹತ್ತಿರ ಕೇಳಿದರಂತೆ. "ತೆಗೆದರೆ ಗೋಡೆ ಬೋಳು ಕಾಣ್ತದೆ ಮ್ಯಾನೇಜರರೇ" ಎಂದು ಮಾವ ತೇಲಿಸಿಬಿಟ್ಟರು. ಅಷ್ಟರಲ್ಲಿ ಗುರುಪುರ ಹೊಳೆಯ ಬದಿಗೆ ಎರಡನೆಯ ಕಾರ್ಖಾನೆ ಏಳುತ್ತಿತ್ತು. ಅದಕ್ಕೆ ಒಬ್ಬ ಸೂಪರಿಂಟೆಂಡೆಂಟ್ ಬೇಕಾಗಿತ್ತು. ಅರ್ಜಿಗಳು ಬಂದವು. ಬೆನ್ನಿನವನು ಮತ್ತೆ ಕಂಬಕ್ಕೆ ಬರಬೇಕಾಗಿತ್ತು.

"ಬಿಟ್ಟು ಹೋಗಿ" ಎಂದೆ ನಾನು ಅವರಿಗೆ. ಅಷ್ಟು ಮಾತನ್ನು ನಾನು ಯಾರಿಗೂ ಹೇಳಿದವಳಲ್ಲ.

"ಹೋದರೆ ಹೆಂಡತಿ ಮಗಳನ್ನ ಕರಕೊಂಡು ಬೀದಿಗೆ ಹೋಗಬೇಕು. ಅದಕ್ಕೂ ತಯಾರಾಗಬಹುದು. ಆದರೆ ಬೆತ್ತ ಇಲ್ಲೇ ಇರತ್ತಲ್ಲ" ಎಂದರು. ಬೆಂಚಿನಿಂದ ಎದ್ದು, "ಈ ಸಲ ನಾನು ಅಂಗಳದಲ್ಲಿ ಇರಬೇಕು" ಎಂದರು.

ಬಂದ ಅಭ್ಯರ್ಥಿ ಸೈನ್ಯದಲ್ಲಿದ್ದು ಬಿಟ್ಟವನು. ಅಗಲವಾದ ಹೆಗಲು, ತಿದ್ದಿದ ಮೀಸೆ. ಮಾವ ಕೇಳಿದ್ದಕ್ಕೆಲ್ಲ ಎದ್ದು ನಿಂತು ಉತ್ತರ ಕೊಟ್ಟ. ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಅಂಗಳಕ್ಕೆ ಬಂದರು. ಅಂದು ಯಂತ್ರ ಕೆಟ್ಟು ನಿಂತಿತ್ತು, ಆದ್ದರಿಂದ ಪ್ರತಿಯೊಂದು ಮಾತೂ ಮಹಡಿಗೆ ಕೇಳಿಸುತ್ತಿತ್ತು. ಬ್ಯಾರಿ ಸಾಹೇಬರ ಗಾಡಿಯಿಂದ ಸೌದೆ ಇಳಿಸುತ್ತಿದ್ದರು. ಬೆನ್ನಿನವನನ್ನು ಗೇಟಿನಿಂದ ಕರೆತಂದು ಕಂಬದ ಬಳಿ ನಿಲ್ಲಿಸಿದ್ದರು. ಅವನು ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದರಲ್ಲಿ ಕಣ್ಣು ಮುಚ್ಚಿಕೊಂಡಿದ್ದ.

"ಈ ಸಲ ಬೆತ್ತ ನೀವೇ ಕೊಡಿ" ಎಂದರು ಮಾವ, ಮ್ಯಾನೇಜರರಿಗೆ. ಗೌರವ ಕೊಡುತ್ತಿದ್ದೇನೆ ಎಂಬ ದನಿಯಲ್ಲಿ.

ಮ್ಯಾನೇಜರರು ಬೆತ್ತ ಹಿಡಿದು ನಡೆದು ಹೋಗಿ, ಬೆನ್ನಿನವನಿಗೆ ಬೆನ್ನು ಮಾಡಿ ನಿಂತರು. ಮಾವನ ಕಡೆ ನೋಡಿ ಹೇಳಿದರು.

"ಬಲ್ಲಿ."

ಸೌದೆಯ ಮೇಲೆ ಕುಳಿತಿದ್ದ ಸಾಹೇಬರು ಗಟ್ಟಿಯಾಗಿ ನಕ್ಕರು. "ನಮ್ಮ ಮ್ಯಾನೇಜರರ ತುಳು ನೋಡಿ! ಬಲ್ಲಿ ಅಂದರೆ ಎಂತ ಅಂತ ಗೊತ್ತುಂಟಾ?"

"ಈಗ ಗೊತ್ತು ಸಾಹೇಬರೇ" ಎಂದರು ಅವರು. ಮತ್ತೆ ಮಾವನಿಗೆ, "ಬಲ್ಲಿ, ದಣಿಗಳೇ."

ಸಾಹೇಬರ ನಗು ಅಲ್ಲೇ ನಿಂತಿತು. ಮಣ್ಣು ತುಳಿಯುತ್ತಿದ್ದವರು, ಹಂಚು ಹೊತ್ತವರು ಎಲ್ಲರೂ ನಿಂತರು. ಆ ಮಾತನ್ನು ಆ ಅಂಗಳದಲ್ಲಿ ಮಾವನಿಗೆ ಯಾರೂ ಹೇಳಿದ್ದಿಲ್ಲ. ಬೆತ್ತವನ್ನು ಮುರಿಯಲು ಮ್ಯಾನೇಜರರು ಮೊಣಕಾಲಿಗೆ ಒತ್ತಿದರು. ಅಷ್ಟು ವರ್ಷ ಎಣ್ಣೆ ಕುಡಿದ ಬೆತ್ತ, ಬಿಲ್ಲಿನ ಹಾಗೆ ಬಾಗಿ ಮತ್ತೆ ನೇರವಾಯಿತು. ಮಾವ ಅದನ್ನು ಕಿತ್ತುಕೊಂಡು ಸೈನಿಕನ ಕೈಗೆ ಕೊಟ್ಟರು.

"ನಿಮ್ಮ ಕೈ ನೋಡುವ. ಅಡ್ಡ ಯಾರು ಇದ್ದರೂ ನನಗೆ ಲೆಕ್ಕ ಇಲ್ಲ."

ಸೈನಿಕ ಒಮ್ಮೆ ಮಾವನ ಮುಖ ನೋಡಿದ, ಒಮ್ಮೆ ಮ್ಯಾನೇಜರರ ಮುಖ ನೋಡಿದ. ಇದೂ ಪರೀಕ್ಷೆಯ ಒಂದು ಭಾಗವೆಂದು ಅವನು ತಿಳಿದಿರಬೇಕು. ಹೊಡೆದ. ಮೊದಲನೆಯದು ಕೆನ್ನೆ ಸೀಳಿತು. ಪೇಟ ಬಿದ್ದು ಉರುಳಿತು. ಎರಡನೆಯದು ಎತ್ತಿ ಹಿಡಿದ ಕೈಗೆ ಬಿತ್ತು, ಎಲುಬಿನ ಸದ್ದು ನನಗೆ ಕೇಳಿಸಿತು. ಅವರು ಪ್ರತಿ ಪೆಟ್ಟಿಗೂ ಬಲ್ಲಿ ಎನ್ನುತ್ತಿದ್ದರು. ಕೂಗುತ್ತಿರಲಿಲ್ಲ, ಪಾಠ ಒಪ್ಪಿಸುವವರ ಹಾಗೆ ಹೇಳುತ್ತಿದ್ದರು. ಸಾಕು ಎಂದು ಮಾವ ಹೇಳಲಿಲ್ಲ. ಹೇಳುವವರೆಗೆ ನಿಲ್ಲಿಸಲು ಸೈನಿಕನಿಗೆ ಗೊತ್ತಿರಲಿಲ್ಲ. ಬಿಳಿ ಕೋಟಿನ ಮೇಲೆ ಒಂದರ ಪಕ್ಕ ಒಂದು ಕೆಂಪು ಗೆರೆಗಳು ಎದ್ದವು. ಅವರು ಮಂಡಿಯೂರಿದರು, ಆದರೆ ಪಕ್ಕಕ್ಕೆ ಸರಿಯಲಿಲ್ಲ. ಅಮ್ಮ ನನ್ನ ಹಿಂದೆ ಬಂದು ನಿಂತಿದ್ದಳು. "ಅಣ್ಣಾ!" ಎಂದು ಕಿಟಕಿಯಿಂದ ಕೂಗಿದಳು. ಅವಳು ಅಣ್ಣನಿಗೆ ದನಿ ಎತ್ತಿದ್ದು ಅದೊಂದೇ ಸಲ. ಮಾವ ತಲೆಯೆತ್ತಲಿಲ್ಲ.

ಆಗ ಬೆನ್ನಿನವ ಕಣ್ಣಿನ ಮೇಲಿಂದ ಕೈ ತೆಗೆದ.

ಅವನು ಪಕ್ಕದ ಅಟ್ಟಿಯಿಂದ ಸುಟ್ಟ ಹಂಚೊಂದನ್ನು ಎಳೆದು, ಎರಡು ಕೈಯಲ್ಲಿ ತಲೆಯ ಮೇಲೆ ಎತ್ತಿ, ಬೀಸಿ ಎಸೆದ. ಮಾವ ಮ್ಯಾನೇಜರರ ಬಲಬದಿಗೆ, ತುಸು ಆಚೆ ನಿಂತಿದ್ದರು. ಒಂದೇ ಕಣ್ಣಿನವನಿಗೆ ದೂರ ತಿಳಿಯುವುದಿಲ್ಲ. ಎದ್ದು ನಿಲ್ಲಲು ನೋಡುತ್ತಿದ್ದ ಮ್ಯಾನೇಜರರ ಹಿಂದಲೆಗೆ ಹಂಚು ಬಡಿದು ಚೂರಾಯಿತು. ಅವರು ಮುಂದಕ್ಕೆ ಬಿದ್ದರು.

ಸೈನಿಕ ಬೆತ್ತವನ್ನು ಕಂಕುಳಲ್ಲಿಟ್ಟು ನೆಟ್ಟಗೆ ನಿಂತ, ಮುಂದಿನ ಅಪ್ಪಣೆಗೆ ಕಾಯುವವನ ಹಾಗೆ. ಮೊದಲು ಓಡಿಬಂದವರು ಬ್ಯಾರಿ ಸಾಹೇಬರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದರು. ಗಾಡಿಯ ಸೌದೆಯನ್ನೆಲ್ಲ ಅಲ್ಲೇ ಉರುಳಿಸಿ ಮ್ಯಾನೇಜರರನ್ನು ಎತ್ತಿ ಮಲಗಿಸಿದರು. "ದಣಿಗಳೇ, ಇದು ಕಾರ್ಖಾನೆಯೋ ಕಸಾಯಿಖಾನೆಯೋ ಒಮ್ಮೆ ಹೇಳಿಬಿಡಿ" ಎಂದರು. "ನಾನು ಸೌದೆ ತರುವುದು ಹಂಚು ಸುಡ್ಲಿಕ್ಕೆ." ಸಾಹೇಬರು ಮತ್ತೆ ಆ ಅಂಗಳಕ್ಕೆ ಬರಲಿಲ್ಲ.

ನಾನು ಕೆಳಗಿಳಿದು ಹೋದಾಗ ಗಾಡಿ ಗೇಟು ದಾಟಿತ್ತು. ಬೆನ್ನಿನವ ಓಡಿಹೋಗಿರಲಿಲ್ಲ. ಕಂಬದ ಬುಡದಲ್ಲಿ ಕುಳಿತು, ಹಂಚಿನ ಚೂರುಗಳನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದ. ನಾನು ಎದುರಿಗೆ ಕುಳಿತೆ. ಎಸೆದದ್ದು ದಣಿಗೆ, ಬಿದ್ದದ್ದು ಇವರಿಗೆ ಎಂದು ತುಳುವಿನಲ್ಲಿ ಹೇಳಿದ. ಆಮೇಲೆ ಕೇಳಿದ. "ಅವರಿಗೆ ಆ ಮಾತು ಯಾರು ಕಲಿಸಿದ್ದು ಅಕ್ಕೆ?" "ನಾನೇ" ಎಂದೆ. ಅವನು ತಲೆಯಾಡಿಸಿದ, ಮತ್ತೆ ಚೂರು ಆಯತೊಡಗಿದ.

ಕಂಕನಾಡಿಯ ಆಸ್ಪತ್ರೆಯಲ್ಲಿ ಮ್ಯಾನೇಜರರು ಕೆಲವು ದಿನ ಇದ್ದರು. ಪೊಲೀಸರು ಬಂದು ಕೇಳಿದಾಗ ಹಂಚಿನ ಅಟ್ಟಿ ಕುಸಿದು ಮೇಲೆ ಬಿತ್ತು ಎಂದರಂತೆ. ಮೈಮೇಲಿನ ಬೆತ್ತದ ಗೆರೆಗಳನ್ನು ತೋರಿಸಿ ಇವು ಏನು ಎಂದರೆ ಅವಕ್ಕೂ ಅದೇ ಉತ್ತರ. ಮಾವನೂ ಅದನ್ನೇ ಹೇಳಿದ್ದರು. ಒಬ್ಬರು ಕಂಪೆನಿಯ ಹೆಸರು ಉಳಿಸಲು, ಇನ್ನೊಬ್ಬರು ಆ ಒಕ್ಕಣ್ಣನನ್ನು ಉಳಿಸಲು, ಇಬ್ಬರೂ ಒಂದೇ ಸುಳ್ಳು ಹೇಳಿದರು. ಪೊಲೀಸರು ನಂಬಿದರು, ಅಥವಾ ನಂಬಿದಂತೆ ಮಾಡಿದರು...

ನಾನು ನೋಡಲು ಹೋದಾಗ ಅವರ ಹೆಂಡತಿ ಮಗಳ ತಲೆ ಬಾಚುತ್ತಿದ್ದರು. ಬೇರೆ ಮಾಡಲು ಅವರಿಗೆ ಏನೂ ಉಳಿದಿರಲಿಲ್ಲ. ಮ್ಯಾನೇಜರರಿಗೆ ನನ್ನ ಗುರುತು ಹತ್ತಿತು. ಮುರಿಯದ ಬಲಗೈಯನ್ನು ಮೆಲ್ಲಗೆ ತಿರುಗಿಸಿ, ಅಂಗೈ ಮೇಲೆ ಮಾಡಿ, ಹಾಸಿಗೆಯ ಅಂಚಿಗೆ ಚಾಚಿದರು.

"ಈಗ ನೋಡಿ ಅಮ್ಮಣ್ಣಿ" ಎಂದರು.

ನಾನು ಆ ಕೈಯನ್ನು ನೋಡಿದೆ. ಮುಟ್ಟಲಿಲ್ಲ, ನನಗೆ ಅಭ್ಯಾಸವಿಲ್ಲ. ಬೆರಳ ಸಂದಿಯಲ್ಲಿ ಮಸಿಯ ಕಲೆ ಇನ್ನೂ ಇತ್ತು. ಗೇಟಿನ ಹೊರಗೆ, ಮರದ ಬುಡದಲ್ಲಿ, ಬೆನ್ನಿನವ ಕುಳಿತಿದ್ದಾನೆಂದು ಹೇಳಿದೆ. ಒಳಗೆ ಕರೆಯಲೇ ಎಂದು ಕೇಳಿದೆ. ಅವರು ಯೋಚಿಸಿ ಹೇಳಿದರು. "ನೀವಾಗಿ ಕರೀಬೇಡಿ. ಬರ್ತೀಯಾ ಅಂತ ಕೇಳಿ. ಬಲ್ಲಿ ಅಂದರೆ ಬಿಟ್ಟುಬಿಡಿ."

ನಾನು ಹೋಗಿ ಕೇಳಿದೆ. ಅವನು ಎದ್ದು ಬಾಗಿಲವರೆಗೆ ಬಂದ, ಹೊಸ್ತಿಲ ಹೊರಗೆ ನಿಂತ. ಕಣ್ಣು ಮುಚ್ಚಿಕೊಳ್ಳಲಿಲ್ಲ. ಅಷ್ಟೇ ಆದದ್ದು. ಮರುದಿನ ಬೆಳಗ್ಗೆ ಮ್ಯಾನೇಜರರು ತೀರಿಹೋದರು. ಹೆಂಡತಿ, ಮಗಳು ಘಟ್ಟ ಹತ್ತಿ ಹೋದರು. ಬೆನ್ನಿನವನನ್ನು ಆಮೇಲೆ ನಾನು ಕಾಣಲಿಲ್ಲ.

ಸೈನಿಕನಿಗೆ ಕೆಲಸ ಸಿಕ್ಕಿತು. ಕೈ ಉಂಟು ಎಂದರು ಮಾವ. ಈ ಸಲ ದನಿಯಲ್ಲಿ ನಗು ಇರಲಿಲ್ಲ. ಅಮ್ಮ ಅದನ್ನು ಕೇಳಿ ಎದ್ದು ಒಳಗೆ ಹೋಗಿ ಸೀರೆಗಳನ್ನು ಮಡಚತೊಡಗಿದಳು. ಯಾಕೆಂದು ನಾನು ಕೇಳಲಿಲ್ಲ, ನನ್ನ ಪುಸ್ತಕಗಳನ್ನು ಕಟ್ಟಿದೆ. ಆ ವಾರವೇ ನಾವಿಬ್ಬರೂ ಕಂಕನಾಡಿಯ ಈ ಮನೆಗೆ ಬಂದೆವು. ಆಸ್ತಿಯ ಕಟ್ಟಳೆ ಈಗಲೂ ಹಾಗೇ ಇದೆ. ಮಾವನ ನಂತರ ಆ ಅಂಗಳ, ಆ ಕಂಬ, ಆ ಗೋಡೆ ನನಗೇ ಬರಬೇಕು. ಕಂಪೆನಿ ಇನ್ನೂ ದೊಡ್ಡದಾಗಿದೆ, ದೊಡ್ಡ ಹುದ್ದೆಗಳಿಗೆ ಜಾಹೀರಾತು ಬರುತ್ತಲೇ ಇದೆ. ಅರ್ಜಿ ಓದಲು ಮಾವ ಎರಡು ಸಲ ಜನ ಕಳುಹಿಸಿದ್ದರು. ನಾನು ಹೋಗಲಿಲ್ಲ.

ಮೊನ್ನೆ ಸಂಜೆ ದೀಪ ಹಚ್ಚಿಟ್ಟು ಪಕ್ಕದ ಮನೆಯಾಕೆ ನೀರಿಗೆ ಹೋಗಲು ಕೊಡ ಎತ್ತಿಕೊಂಡಳು. ಈಚೆಗೆ ನಡೆಯಲು ಕಲಿತ ಅವಳ ಮಗು ಗೋಡೆ ಹಿಡಿದುಕೊಂಡು ದೀಪದ ಹತ್ತಿರ ಬಂತು. ಸೀಮೆಎಣ್ಣೆಯ ಲಾಟೀನಿಗೆ ಗಾಜು ಇರುತ್ತದೆ, ಇದಕ್ಕೆ ಇಲ್ಲ. ಮಗು ಉರಿಯ ಕಡೆಗೆ ಕೈ ಚಾಚಿತು. ತಾಯಿ ಓಡಿ ಬರಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ಬಲ್ಲಿ ಮಗಾ" ಎಂದಳು.

ಮಗು ಕೈ ಹಿಂದಕ್ಕೆ ತೆಗೆದುಕೊಂಡಿತು. ಅಷ್ಟು ಸಾಕಾಗಿತ್ತು. ನಾನು ಉತ್ತರಪತ್ರಿಕೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ದಿನಕ್ಕೊಂದು ಮಾತಿನಂತೆ ಕಲಿಸಿದ್ದರೆ ಈ ಹೊತ್ತಿಗೆ ಮ್ಯಾನೇಜರರಿಗೆ ತುಳು ಚೆನ್ನಾಗಿ ಬರುತ್ತಿತ್ತು...